ಶುಗರ್ ಏರುತ್ತಿದೆ, ಅಪ್ಪಯ್ಯ ಮಾತು ಬಿಟ್ಟಿದ್ದಾರೆ: ಬರೀ ವಾಕಿಂಗ್ ಸಾಕೇ?

ಪ್ರಶ್ನೆ: ನಮ್ಮದು ಹೊಸನಗರ ತಾಲೂಕಿನ ಒಂದು ಹಳ್ಳಿ. ಅಪ್ಪಯ್ಯನಿಗೆ 64 ವರ್ಷ. 12 ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಮಾತ್ರೆ ತಗೊಳ್ತಾರೆ. ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಬಂದು ಎರಡು ವರ್ಷ ಆಯ್ತು, ಫಸಲು ಅರ್ಧಕ್ಕೆ ಇಳಿದಿದೆ. ಏಳೆಂಟು ತಿಂಗಳಿಂದ ಅಪ್ಪಯ್ಯ ಸರಿಯಾಗಿ ಮಾತಾಡುತ್ತಿಲ್ಲ. ಊಟ ಕಮ್ಮಿ, ಕವಳ (ಎಲೆ-ಅಡಿಕೆ) ಜಾಸ್ತಿ. ಬೆಳಗಿನ ಜಾವ ಮೂರಕ್ಕೇ ಎದ್ದು ಕೂರುತ್ತಾರೆ. ಮೈಕೈ ನೋವು, ಗ್ಯಾಸು, ತಲೆ ಭಾರ ಅಂತಾರೆ. ಎಂಡೋಸ್ಕೋಪಿ, ಇಸಿಜಿ, ಸ್ಕ್ಯಾನಿಂಗ್ ಎಲ್ಲ ಆಯ್ತು, ಎಲ್ಲವೂ ನಾರ್ಮಲ್. ಆದರೆ ಮೂರು ತಿಂಗಳ ಶುಗರ್ 7.6 ಇದ್ದದ್ದು 9.4ಕ್ಕೆ ಏರಿದೆ. ಈ ಸಲ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದಾಗಲೂ ಜಗಲಿಯಿಂದ ಎದ್ದು ತೋಟಕ್ಕೆ ಹೋಗಲಿಲ್ಲ. ಮಾನಸಿಕ ತಜ್ಞರಿಗೆ ತೋರಿಸೋಣ ಅಂದರೆ ‘ನಂಗೇನು ಹುಚ್ಚಾ?’ ಅಂತ ರೇಗುತ್ತಾರೆ. ವಾಕಿಂಗ್ ಮಾಡಿದರೆ ಖಿನ್ನತೆಯ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ ಅಂತ ಹೊಸ ಸಂಶೋಧನೆ ಹೇಳಿದೆಯಂತೆ, ವಾಟ್ಸಾಪಿನಲ್ಲಿ ಬಂದಿತ್ತು. ನಿಜವೇ ಡಾಕ್ಟರೇ? ಬರೀ ವಾಕಿಂಗ್ ಮಾಡಿಸಿದರೆ ಸಾಕೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 9.4 ಅನ್ನುವ ಅಂಕಿಗಿಂತ ನನಗೆ ಜಾಸ್ತಿ ಕಳವಳ ಆಗಿದ್ದು ಕೊನೆಗೌಡ ಬಂದ ದಿನದ ಮಾತು ಓದಿ. ನಮ್ಮ ಕಡೆ ಅಡಿಕೆ ಬೆಳೆಯುವವರು ಮೈಯಲ್ಲಿ ಜ್ವರ ಇದ್ದರೂ ಕೊಯ್ಲಿನ ದಿನ ತೋಟಕ್ಕೆ ಇಳಿಯುತ್ತಾರೆ. ಎಷ್ಟು ಕೊನೆ ಬಿತ್ತು ಅಂತ ಕಣ್ಣಾರೆ ನೋಡದಿದ್ದರೆ ಅವರಿಗೆ ಸಮಾಧಾನ ಇಲ್ಲ. ಅಂಥವರು ಜಗಲಿಯಲ್ಲೇ ಕೂತರು ಅಂದರೆ ಅದನ್ನು ಸೋಮಾರಿತನ ಅಂತಲೋ ವಯಸ್ಸಾಯ್ತು ಅಂತಲೋ ಬಿಡುವ ಹಾಗಿಲ್ಲ. ನೀವು ಬರೆದಿದ್ದನ್ನೆಲ್ಲ ಸೇರಿಸಿ ನೋಡಿದರೆ ಖಿನ್ನತೆ ಇರುವ ಸಾಧ್ಯತೆ ತುಂಬಾ ಇದೆ. ಅವರನ್ನು ನೋಡದೆ ಕಾಯಿಲೆ ಇಂಥದ್ದೇ ಅಂತ ಹೇಳಲಾರೆ. ತಡ ಮಾಡದೆ ತೋರಿಸಿ ಅಂತ ಮಾತ್ರ ಖಂಡಿತ ಹೇಳುತ್ತೇನೆ.

ವಾಟ್ಸಾಪಿನ ಮಾತು ಅರ್ಧ ನಿಜ. ನಡಿಗೆಗೆ ಔಷಧಿಯ ಗುಣ ಇದೆ. ಆದರೆ ನಿಮ್ಮ ಅಪ್ಪಯ್ಯನ ಸ್ಥಿತಿಯಲ್ಲಿ ಅದೊಂದನ್ನೇ ನಂಬಿ ಕೂರುವುದು ಬೇಡ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಶುಗರನ್ನೂ ಮನಸ್ಸನ್ನೂ ಬೇರೆ ಬೇರೆ ಗಂಟು ಕಟ್ಟಿ ಇಡಬೇಡಿ. ಎರಡನ್ನೂ ಒಟ್ಟಿಗೇ ಹಿಡಿಯಬೇಕು. ಹೀಗೆ ಹೇಳಲು ಈಗ ಗಟ್ಟಿ ಆಧಾರ ಇದೆ, ಅದೂ ನಮ್ಮ ದೇಶದ್ದೇ.

ಶುಗರ್ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಸುಮಾರು ಎರಡು ಪಟ್ಟು ಅಂತ 2001ರಲ್ಲೇ ಹಲವು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿ ಹೇಳಿದ್ದರು. ಆಮೇಲೆ ತಿಳಿದಿದ್ದು ಏನೆಂದರೆ, ಇದು ಎರಡೂ ಕಡೆಯಿಂದ ಎಳೆಯುವ ಹಗ್ಗ. ಮನಸ್ಸಿಗೆ ತುಂಬಾ ದಿನ ಒತ್ತಡ ಇದ್ದರೆ ಮೈಯಲ್ಲಿ ಕಾರ್ಟಿಸೋಲ್ ಅನ್ನುವ ಹಾರ್ಮೋನು ಜಾಸ್ತಿ ಆಗುತ್ತದೆ. ಅದು ಪಿತ್ತಜನಕಾಂಗದಿಂದ ಸಕ್ಕರೆಯನ್ನು ರಕ್ತಕ್ಕೆ ಬಿಡಿಸುತ್ತದೆ, ಇನ್ಸುಲಿನ್ ಕೆಲಸಕ್ಕೂ ಅಡ್ಡ ಬರುತ್ತದೆ. ನಿದ್ದೆ ಕೆಟ್ಟರೂ ಹಾಗೇ. 1999ರಲ್ಲಿ ಶಿಕಾಗೋದಲ್ಲಿ 11 ಜನ ಆರೋಗ್ಯವಂತ ಹುಡುಗರನ್ನು ಆರು ರಾತ್ರಿ ಬರೀ ನಾಲ್ಕು ಗಂಟೆ ಮಲಗಲು ಬಿಟ್ಟರು. ಅಷ್ಟಕ್ಕೇ ಅವರ ಮೈ ಸಕ್ಕರೆಯನ್ನು ಸರಿಯಾಗಿ ನಿಭಾಯಿಸುವುದನ್ನು ಬಿಟ್ಟಿತು. ನಿಮ್ಮ ಅಪ್ಪಯ್ಯ ಏಳೆಂಟು ತಿಂಗಳಿಂದ ಮೂರು ಗಂಟೆಗೆ ಏಳುತ್ತಿದ್ದಾರೆ. ಇದರ ಜೊತೆ ಮನಸ್ಸು ಕುಗ್ಗಿದವರು ಮಾತ್ರೆ ಮರೆಯುತ್ತಾರೆ, ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ, ಓಡಾಡುವುದಿಲ್ಲ. ಶುಗರ್ ಏರಿದರೆ ಮತ್ತೆ ಸುಸ್ತು, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಮತ್ತೆ ನಿದ್ದೆ ಹಾಳು.

ಈಗ ನಮ್ಮ ದೇಶದ ಅಧ್ಯಯನಕ್ಕೆ ಬರುತ್ತೇನೆ. ಚೆನ್ನೈ, ದೆಹಲಿ, ವಿಶಾಖಪಟ್ಟಣ, ಬೆಂಗಳೂರು, ಈ ನಾಲ್ಕು ಊರುಗಳ ಶುಗರ್ ಕ್ಲಿನಿಕ್‌ಗಳಲ್ಲಿ ಇದು ನಡೆಯಿತು. 2020ರಲ್ಲಿ ಪ್ರಕಟವಾಯಿತು. ಶುಗರ್ ಹತೋಟಿಯಲ್ಲಿಲ್ಲದ, ಖಿನ್ನತೆಯೂ ಇದ್ದ 404 ಜನ. ಅರ್ಧದಷ್ಟು ಜನಕ್ಕೆ ಎಂದಿನ ಚಿಕಿತ್ಸೆ. ಉಳಿದವರಿಗೆ ಎಂದಿನ ಚಿಕಿತ್ಸೆಯ ಜೊತೆ ಒಬ್ಬ ಆರೈಕೆ ಸಹಾಯಕರನ್ನು ಜೋಡಿಸಿದರು. ಆ ಸಹಾಯಕರು ಡಾಕ್ಟರಲ್ಲ. ಆಗಾಗ ಮಾತಾಡಿಸುವುದು, ಮಾತ್ರೆ ತಗೊಂಡಿರಾ, ನಿದ್ದೆ ಬಂತಾ, ಮನಸ್ಸು ಹೇಗಿದೆ ಅಂತ ವಿಚಾರಿಸುವುದು, ಅದನ್ನು ಶುಗರ್ ಡಾಕ್ಟರಿಗೂ ಮನೋವೈದ್ಯರಿಗೂ ಮುಟ್ಟಿಸುವುದು ಅವರ ಕೆಲಸ. ಎರಡು ವರ್ಷ ಬಿಟ್ಟು ನೋಡಿದಾಗ, ಖಿನ್ನತೆಯ ಲಕ್ಷಣ ಅರ್ಧಕ್ಕಾದರೂ ಇಳಿದು, ಜೊತೆಗೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ಮೂರರಲ್ಲಿ ಒಂದಾದರೂ ಸುಧಾರಿಸಿದವರು ಈ ಗುಂಪಿನಲ್ಲಿ ಸುಮಾರು ಶೇ. 72. ಇನ್ನೊಂದು ಗುಂಪಿನಲ್ಲಿ ಶೇ. 57. ನನಗೆ ಈ ಅಧ್ಯಯನ ತುಂಬಾ ಇಷ್ಟ. ಇದರಲ್ಲಿ ಹೊಸ ಮಾತ್ರೆ ಇಲ್ಲ, ದೊಡ್ಡ ಯಂತ್ರ ಇಲ್ಲ. ಒಬ್ಬರು ಬಿಡದೆ ವಿಚಾರಿಸಿಕೊಂಡರು, ಇಬ್ಬರು ಡಾಕ್ಟರು ಒಬ್ಬರ ಚೀಟಿ ಇನ್ನೊಬ್ಬರು ನೋಡಿದರು, ಅಷ್ಟೇ. ನಮ್ಮ ಊರುಗಳಲ್ಲಿ ಆ ಸಹಾಯಕರ ಜಾಗ ಖಾಲಿ ಇರುತ್ತದೆ. ಸದ್ಯಕ್ಕೆ ಅದನ್ನು ನೀವೇ ತುಂಬಬೇಕಾಗುತ್ತದೆ.

ಮನೋವೈದ್ಯರ ಹತ್ತಿರ ಹೋಗುವ ಮೊದಲು ಅಥವಾ ಅದರ ಜೊತೆಗೇ ಎರಡು ಮೂರು ವಿಷಯ ನೋಡಿಬಿಡಿ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡವರಲ್ಲಿ ವಿಟಮಿನ್ ಬಿ12 ಇಳಿಯುವುದುಂಟು. ಮಾಂಸ, ಮೊಟ್ಟೆ ತಿನ್ನದ ಮನೆಗಳಲ್ಲಿ ಇನ್ನೂ ಜಾಸ್ತಿ. ಬಿ12 ಕಮ್ಮಿ ಆದರೆ ಸುಸ್ತು, ಕಾಲು ಜುಮ್ಮೆನ್ನುವುದು, ಮಂಕು, ಮರೆವು ಎಲ್ಲ ಬರುತ್ತದೆ. ಥೈರಾಯ್ಡ್ ಕಮ್ಮಿ ಆದರೂ ಹೀಗೇ ಇರುತ್ತಾರೆ. ಇವೆರಡನ್ನೂ ರಕ್ತಹೀನತೆಯನ್ನೂ ಒಂದೇ ಸಲ ರಕ್ತ ಕೊಟ್ಟು ನೋಡಬಹುದು. ಸ್ಕ್ಯಾನಿಂಗ್, ಎಂಡೋಸ್ಕೋಪಿಗೆ ಆದ ಖರ್ಚಿನ ಮುಂದೆ ಇದು ಸಣ್ಣದು. ಇನ್ನೊಂದು, ಮೂರು ಗಂಟೆಗೆ ಎದ್ದಾಗ ಬೆವರಿರುತ್ತಾರಾ, ಕೈ ನಡುಗುತ್ತದಾ ಅಂತ ನೋಡಿ. ಗ್ಲಿಮೆಪಿರೈಡ್ ನುಂಗಿ ಊಟ ಬಿಟ್ಟರೆ ರಾತ್ರಿ ಶುಗರ್ ಇಳಿದು ಎಚ್ಚರ ಆಗಬಹುದು. ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಒಂದೆರಡು ರಾತ್ರಿ ಆ ಹೊತ್ತಿಗೇ ಚುಚ್ಚಿ ನೋಡಿ ಬರೆದಿಡಿ. 70ಕ್ಕಿಂತ ಕೆಳಗಿದ್ದರೆ ಆಗಲೇ ಸಕ್ಕರೆ ನೀರು ಕೊಡಿ, ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿ. ಮಾತ್ರೆಯ ಪ್ರಮಾಣ ಬದಲಿಸಬೇಕಾಗುತ್ತದೆ.

ಇನ್ನು ಕವಳ. ಅಡಿಕೆಯ ಊರಲ್ಲಿ ಕೂತು ಇದನ್ನು ಬರೆಯುವಾಗ ನನಗೂ ಸಂಕಟವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲೇ ಇಟ್ಟಿದೆ, ಹೊಗೆಸೊಪ್ಪು ಹಾಕದಿದ್ದರೂ ಅಷ್ಟೇ. ಹೊಗೆಸೊಪ್ಪು ಸೇರಿದರೆ ನಿಕೋಟಿನ್ ಬೇರೆ, ಅದು ನಿದ್ದೆ ಓಡಿಸುವ ವಸ್ತು. ಈಗಲೇ ಪೂರ್ತಿ ಬಿಡಿಸಲು ಹೋಗಿ ಜಗಳ ಮಾಡಿಕೊಳ್ಳಬೇಡಿ. ಸಂಜೆ ಆರರ ಮೇಲಿನ ಕವಳವನ್ನಾದರೂ ನಿಲ್ಲಿಸಲು ನೋಡಿ.

ಈಗ ವಾಕಿಂಗ್ ವಿಷಯ. ಆ ಸಂದೇಶ ಬಹುಶಃ 2024ರಲ್ಲಿ ಬ್ರಿಟನ್ನಿನ ಒಂದು ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವರದಿಯಿಂದ ಹುಟ್ಟಿದ್ದು. 218 ಪ್ರಯೋಗಗಳು, 14,170 ಜನ, ಎಲ್ಲ ಒಟ್ಟು ಸೇರಿಸಿ ನೋಡಿದ್ದರು. ನಡಿಗೆ ಅಥವಾ ನಿಧಾನ ಓಟ, ಯೋಗ, ಭಾರ ಎತ್ತುವ ವ್ಯಾಯಾಮ, ಇವು ಖಿನ್ನತೆಯನ್ನು ಚೆನ್ನಾಗಿಯೇ ಇಳಿಸಿದ್ದವು. ಆದರೆ ಇದರಲ್ಲಿ ಸೇರಿದ ಪ್ರಯೋಗಗಳ ಗುಣಮಟ್ಟದಲ್ಲಿ ಕೊರತೆ ಇದೆ, ಈ ಅಂಕಿಗಳ ಮೇಲೆ ಪೂರ್ತಿ ಭರವಸೆ ಇಡಲಾಗದು ಅಂತ ಬರೆದವರೇ ಅದರಲ್ಲಿ ಹೇಳಿದ್ದಾರೆ. ಆ ಸಾಲು ವಾಟ್ಸಾಪಿಗೆ ಬರಲಿಲ್ಲ. ಇದಕ್ಕಿಂತ ಹಳೆಯದು 1999ರ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಪ್ರಯೋಗ. 50 ದಾಟಿದ 156 ಜನ ಖಿನ್ನತೆ ಇದ್ದವರಲ್ಲಿ ಕೆಲವರಿಗೆ ಮಾತ್ರೆ, ಕೆಲವರಿಗೆ ವಾರಕ್ಕೆ ಮೂರು ಸಲ ವ್ಯಾಯಾಮ, ಕೆಲವರಿಗೆ ಎರಡೂ. 16 ವಾರ ಕಳೆದ ಮೇಲೆ ಮೂರೂ ಗುಂಪಿನವರು ಹೆಚ್ಚುಕಮ್ಮಿ ಒಂದೇ ತರಹ ಸುಧಾರಿಸಿದ್ದರು. ಮಾತ್ರೆಯವರು ಮಾತ್ರ ಮೊದಲ ವಾರಗಳಲ್ಲಿ ಬೇಗ ಚೇತರಿಸಿಕೊಂಡರು. ಇದನ್ನು ಓದುವಾಗ ಒಂದು ಗಮನಿಸಿ. ಅವರು ತಾವಾಗಿ ಬಂದು ಪ್ರಯೋಗಕ್ಕೆ ಸೇರಿದವರು. ವ್ಯಾಯಾಮವನ್ನು ಎದುರಿಗೆ ನಿಂತು ಮಾಡಿಸಿದವರಿದ್ದರು. ಜಗಲಿಯಿಂದ ಏಳಲಾಗದವರಿಗೆ ‘ಎದ್ದು ಒಂದು ಗಂಟೆ ನಡೀರಿ’ ಅಂದರೆ ಕಾಲು ಮುರಿದವರಿಗೆ ಓಡು ಅಂದ ಹಾಗೆ.

ಹತ್ತು ಸಾವಿರ ಹೆಜ್ಜೆ ಅಂತ ಹಠ ಹಿಡಿಯುವುದೂ ಬೇಡ. ಆ ಸಂಖ್ಯೆ ಬಂದಿದ್ದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. 2025ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗ ದಿನಕ್ಕೆ ಏಳು ಸಾವಿರ ಹೆಜ್ಜೆಗೇ ಬಹಳಷ್ಟು ಲಾಭ ಸಿಕ್ಕಿತ್ತು. ಎರಡು ಸಾವಿರ ಹೆಜ್ಜೆಯವರಿಗೆ ಹೋಲಿಸಿದರೆ ಅವರಲ್ಲಿ ಖಿನ್ನತೆಯ ಲಕ್ಷಣವೂ ಶೇ. 22ರಷ್ಟು ಕಮ್ಮಿ ಕಂಡಿತು. ಏನೂ ನಡೆಯದವರು ನಾಲ್ಕು ಸಾವಿರಕ್ಕೆ ಬಂದರೂ ಅದು ದೊಡ್ಡ ಸಾಧನೆಯೇ.

ನಿಮಗೆ ಇವತ್ತಿನಿಂದಲೇ ಉಪಯೋಗಕ್ಕೆ ಬರುವ ಅಧ್ಯಯನ ಬೇರೆ ಇದೆ. ಅದು ನಡೆದಿದ್ದು ಪಕ್ಕದ ಗೋವಾದಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ. 2017ರಲ್ಲಿ ಪ್ರಕಟವಾಯಿತು. ಖಿನ್ನತೆ ಜೋರಾಗಿಯೇ ಇದ್ದ 495 ಜನ. ಅರ್ಧದಷ್ಟು ಜನಕ್ಕೆ ಎಂದಿನ ಚಿಕಿತ್ಸೆ ಮಾತ್ರ. ಉಳಿದವರೊಂದಿಗೆ ಕೂತು ಮಾತಾಡಿದವರು ವೈದ್ಯರಲ್ಲ, ಮನಶ್ಶಾಸ್ತ್ರ ಓದಿದವರೂ ಅಲ್ಲ. ಅದೇ ಊರಿನ ಸಾಮಾನ್ಯ ಜನ, ಕೆಲವು ವಾರ ತರಬೇತಿ ಪಡೆದವರು. ಆರರಿಂದ ಎಂಟು ಸಲ ಭೇಟಿ, ಪ್ರತಿ ಸಲ ಅರ್ಧ ಮುಕ್ಕಾಲು ಗಂಟೆ. ಮೂರು ತಿಂಗಳಲ್ಲಿ ಈ ಭೇಟಿ ಸಿಕ್ಕ ರೋಗಿಗಳ ಪೈಕಿ ಶೇ. 64 ಜನ ಖಿನ್ನತೆಯಿಂದ ಹೊರಬಂದರು. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 39.

ಅವರು ಮಾಡಿದ್ದರ ತಿರುಳು ಇಷ್ಟು. ಮನಸ್ಸು ಕುಗ್ಗಿದವರು ‘ಮನಸ್ಸು ಸರಿ ಆಗ್ಲಿ, ಆಮೇಲೆ ಕೆಲಸ ಮಾಡ್ತೀನಿ’ ಅಂತ ಕಾಯುತ್ತಾರೆ. ಕಾದಷ್ಟೂ ಮನಸ್ಸು ಇನ್ನೂ ಕುಗ್ಗುತ್ತದೆ. ಅದನ್ನು ತಿರುಗಿಸಬೇಕು. ತೀರಾ ಸಣ್ಣದೊಂದು ಕೆಲಸ ಮೊದಲು, ಮನಸ್ಸು ಅದರ ಹಿಂದೆ ಬರುತ್ತದೆ. ಕೆಲಸ ಎಷ್ಟು ಸಣ್ಣದಿರಬೇಕು ಅಂದರೆ ಬೇಡ ಅನ್ನುವುದಕ್ಕೇ ಕಷ್ಟ ಆಗಬೇಕು. ಮತ್ತೆ ಅದು ಅವರಿಗೆ ಮೊದಲು ಇಷ್ಟ ಇದ್ದದ್ದೇ ಆಗಿರಬೇಕು.

ಕೆಲವು ವರ್ಷದ ಹಿಂದೆ ಸಾಗರದ ಕಡೆಯ ಒಬ್ಬರು ನನ್ನ ಹತ್ತಿರ ಬಂದಿದ್ದರು. ನಿಮ್ಮ ಅಪ್ಪಯ್ಯನ ಹಾಗೇ. ಕಂಕುಳಲ್ಲಿ ಒಂದು ಗೇಣು ದಪ್ಪದ ಫೈಲು, ಎಲ್ಲವೂ ನಾರ್ಮಲ್. ನಾನು ರಿಪೋರ್ಟು ಮುಚ್ಚಿಟ್ಟು ‘ತೋಟಕ್ಕೆ ಕೊನೆಗೆ ಹೋಗಿದ್ದು ಯಾವಾಗ?’ ಅಂತ ಕೇಳಿದೆ. ಅವರು ತಲೆ ತಗ್ಗಿಸಿದರು. ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಅತ್ತುಬಿಟ್ಟರು. ಹಾಳಾದ ತೋಟ ನೋಡುವ ಶಕ್ತಿ ಅವರಿಗಿರಲಿಲ್ಲ. ಅಂಥವರನ್ನು ತೋಟಕ್ಕೆ ಕಳಿಸಿದರೆ ಗಾಯಕ್ಕೆ ಉಪ್ಪು ಹಾಕಿದಂತೆ. ಅವರಿಗೆ ಜೇನು ಸಾಕಿ ಗೊತ್ತಿತ್ತು. ಹಿತ್ತಲಿನ ಎರಡು ಜೇನುಪೆಟ್ಟಿಗೆ ಖಾಲಿ ಬಿದ್ದಿದ್ದವು. ಮೊದಲ ವಾರದ ಕೆಲಸ, ದಿನಾ ಬೆಳಿಗ್ಗೆ ಕಾಫಿ ಕುಡಿದು ಪೆಟ್ಟಿಗೆಯ ತನಕ ಹೋಗಿ ಬರುವುದು. ಅಷ್ಟೇ. ಎರಡನೇ ವಾರ ಪೆಟ್ಟಿಗೆ ಒರೆಸುವುದು. ಮಾತ್ರೆಯೂ ನಡೆದಿತ್ತು, ನಾನು ಅದನ್ನು ಮುಚ್ಚಿಡುವುದಿಲ್ಲ. ಎರಡು ತಿಂಗಳಿಗೆ ಅವರು ತೋಟದ ಅಂಚಿಗೆ ತಾವಾಗಿಯೇ ಹೋದರು.

ನಿಮ್ಮ ಅಪ್ಪಯ್ಯನಿಗೆ ಏನು ಇಷ್ಟ ಇತ್ತು? ಯಕ್ಷಗಾನ ನೋಡುವುದಾ, ದನ ಸಾಕುವುದಾ, ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುವುದಾ? ಅದರಿಂದ ಶುರು ಮಾಡಿ. ‘ಅಪ್ಪಯ್ಯ, ಸ್ವಲ್ಪ ಗೇಟಿನ ತನಕ ಬನ್ನಿ, ಹಾಲಿನ ಡಬ್ಬ ಹಿಡ್ಕೊಳ್ಳಿ’ ಅಂತ ಕರೆಯಿರಿ. ವಾಕಿಂಗ್ ಅನ್ನುವ ಮಾತೇ ಬೇಡ. ಜೊತೆಗೆ ನೀವೂ ನಡೆಯಿರಿ. ದಿನಾ ಒಂದೇ ಹೊತ್ತಿಗೆ ಇರಲಿ. ಇವತ್ತು ಗೇಟು, ಮುಂದಿನ ವಾರ ದಣಪೆ (ಬೇಲಿಯ ಬಾಗಿಲು) ದಾಟಿ ರಸ್ತೆ. ಮಳೆಗಾಲದಲ್ಲಿ ನಮ್ಮಲ್ಲಿ ಹೊರಗೆ ಕಾಲಿಡುವುದೇ ಕಷ್ಟ, ಅಲ್ವಾ? ಆಗ ಜಗಲಿಯಲ್ಲೇ ಆ ತುದಿಯಿಂದ ಈ ತುದಿಗೆ ಹತ್ತು ಹತ್ತು ನಿಮಿಷ ಮೂರು ಸಲ ನಡೆದರೂ ನಡೆದ ಹಾಗೇ. ಊಟ ಆದ ಮೇಲೆ ನಡೆದರೆ ಶುಗರಿಗೆ ಇನ್ನೂ ಒಳ್ಳೆಯದು. ಖಾಲಿ ಹೊಟ್ಟೆಯಲ್ಲಿ ನಡೆಸಬೇಡಿ. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಬೆವರಿ ಕೈಕಾಲು ನಡುಗಿದರೆ ಮೂರು ನಾಲ್ಕು ಚಮಚ ತಿನ್ನಿಸಿ ಕೂರಿಸಿ. ಬರಿಗಾಲು ಬೇಡವೇ ಬೇಡ. 12 ವರ್ಷದ ಶುಗರಿನಲ್ಲಿ ಕಾಲಿಗೆ ಸ್ಪರ್ಶ ಕಮ್ಮಿ ಆಗಿರಬಹುದು. ಮುಳ್ಳು ಚುಚ್ಚಿದ್ದೂ ಉಂಬಳ (ಜಿಗಣೆ) ಕಚ್ಚಿದ್ದೂ ಗೊತ್ತಾಗುವುದಿಲ್ಲ. ರಾತ್ರಿ ಮಲಗುವ ಮುಂಚೆ ಪಾದ, ಬೆರಳ ಸಂದಿ ದೀಪ ಹಿಡಿದು ನೋಡಿ.

‘ನಂಗೇನು ಹುಚ್ಚಾ’ ಅನ್ನುವುದಕ್ಕೆ ವಾದ ಮಾಡಿ ಗೆಲ್ಲಲಾಗದು. ಆ ಮಾತಿನ ಹಿಂದೆ ಹೆದರಿಕೆ ಇದೆ. 2015–16ರಲ್ಲಿ ನಿಮ್ಹಾನ್ಸ್ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹುಚ್ಚು ಅಂತ ಜನ ಕರೆಯುವ ಸ್ಕಿಜೋಫ್ರೇನಿಯಾದ ಬಗ್ಗೆ ನಮ್ಮ ಪಕ್ಕದ ತೀರ್ಥಹಳ್ಳಿ ತಾಲೂಕಿನಲ್ಲೇ ನಿಮ್ಹಾನ್ಸ್‌ನವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಊರೂರಿನಲ್ಲಿ ರೋಗಿಗಳನ್ನು ಗುರುತಿಸಿ, ಊರಲ್ಲೇ ಚಿಕಿತ್ಸೆ ಕೊಟ್ಟು, ಹೇಗಿದ್ದಾರೆ ಅಂತ ನೋಡುತ್ತಾ ಬಂದರು. ಮಾತ್ರೆ ತಗೊಂಡವರು ಮಾತ್ರೆ ಇಲ್ಲದವರಿಗಿಂತ ಚೆನ್ನಾಗಿ ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಿದ್ದರು. ಅಷ್ಟು ದೊಡ್ಡ ಕಾಯಿಲೆಯೇ ಹೀಗೆ ಹತೋಟಿಗೆ ಬರುವಾಗ ಖಿನ್ನತೆಗೆ ಯಾಕೆ ಹೆದರಬೇಕು? ಅಪ್ಪಯ್ಯನ ಹತ್ತಿರ ಖಿನ್ನತೆ ಅನ್ನುವ ಪದ ಬಳಸಲೇಬೇಕು ಅಂತಿಲ್ಲ. ‘ನಿದ್ದೆ ಸರಿ ಆದ್ರೆ ಶುಗರ್ ಇಳಿಯುತ್ತಂತೆ, ನಿದ್ದೆಗೆ ತೋರಿಸೋಣ’ ಅನ್ನಿ. ಸುಳ್ಳೇನೂ ಅಲ್ಲ ಅದು.

ಮಾತ್ರೆ ಬರೆದುಕೊಟ್ಟರೆ ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸಬಹುದು. ಖಿನ್ನತೆಯ ಮಾತ್ರೆಗೆ ಚಟ ಹತ್ತುವುದಿಲ್ಲ, ಆದರೆ ಸರಿ ಆಯ್ತು ಅಂತ ಒಮ್ಮೆಲೇ ನಿಲ್ಲಿಸಬಾರದು. ಚಟ ಹತ್ತುವ ಭಯ ಇರುವುದು ಕೆಲವು ನಿದ್ದೆ ಮಾತ್ರೆಗಳದ್ದು. ಅವನ್ನು ಚೀಟಿ ಇಲ್ಲದೆ ಅಂಗಡಿಯಿಂದ ತರಲೇಬೇಡಿ, ಈ ವಯಸ್ಸಿನಲ್ಲಿ ಬಿದ್ದು ಸೊಂಟ ಮುರಿದುಕೊಳ್ಳುವುದೂ ಉಂಟು. ಮನೋವೈದ್ಯರಿಗೆ ಶುಗರ್ ಮಾತ್ರೆಗಳನ್ನು ತೋರಿಸಿ, ಶುಗರ್ ಡಾಕ್ಟರಿಗೆ ಮನೋವೈದ್ಯರ ಚೀಟಿ ತೋರಿಸಿ.

ಒಂದು ವಿಷಯ ಬರೆಯಲು ಕಷ್ಟ, ಆದರೂ ಬರೆಯಬೇಕು. ‘ನಾನಿದ್ದು ಏನು ಪ್ರಯೋಜನ’, ‘ನಿಮಗೆಲ್ಲ ಭಾರ’ ಅನ್ನುವ ಮಾತು ಬರುತ್ತಿದೆಯೇ? ಸಾಲದ ಲೆಕ್ಕ, ಪಹಣಿ ಎಲ್ಲ ಕರೆದು ಒಪ್ಪಿಸುತ್ತಿದ್ದಾರೆಯೇ? ಹಾಗಿದ್ದರೆ ನೇರವಾಗಿಯೇ ಕೇಳಿ: ‘ಅಪ್ಪಯ್ಯ, ಸಾಯಬೇಕು ಅಂತ ಅನ್ನಿಸ್ತಿದೆಯಾ?’ ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದು ಅಧ್ಯಯನಗಳಲ್ಲಿ ಸಾಬೀತಾಗಿದೆ. ಕೇಳಿದರೆ ಹಗುರ ಆಗುತ್ತಾರೆ. ಹೌದು ಅಂದರೆ ಅವರನ್ನು ಒಬ್ಬರೇ ಬಿಡದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಹೌದು ಅನ್ನಲಿ, ಬಿಡಲಿ, ತೋಟದ ಔಷಧಿಯ ಡಬ್ಬಗಳನ್ನು ಇವತ್ತೇ ಮನೆಯಿಂದ ಬೇರೆ ಕಡೆ ಸಾಗಿಸಿ. ಶ್ರೀಲಂಕಾದಲ್ಲಿ ತೀರಾ ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಇಪ್ಪತ್ತು ವರ್ಷದಲ್ಲಿ ಆತ್ಮಹತ್ಯೆ ಪ್ರಮಾಣ ಮೂರನೇ ಒಂದು ಪಾಲಿಗೆ ಹತ್ತಿರ ಇಳಿಯಿತು. ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಯಾವ ಹೊತ್ತಿನಲ್ಲಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯವರೂ ಮಾಡಬಹುದು, ಅಪ್ಪಯ್ಯನೇ ಮಾಡಬೇಕು ಅಂತಿಲ್ಲ.

ತೋರಿಸಲು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಇದೆ. ಅಷ್ಟು ದೂರ ಬೇಡ ಅಂದರೆ, ಮನೋಚೈತನ್ಯ ಅಂತ ಸರ್ಕಾರದ ಕಾರ್ಯಕ್ರಮ ಇದೆ. ಅದರಲ್ಲಿ ಮನೋವೈದ್ಯರು ಮಂಗಳವಾರಗಳಲ್ಲಿ ತಾಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ ಮಾಡಿದ್ದಾರೆ. ನಿಮ್ಮಲ್ಲಿ ಯಾವ ವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿಕೊಂಡು ಹೋಗಿ. ಹೋಗುವಾಗ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಳ್ಳಿ, ಹಳೆಯ ಶುಗರ್ ರಿಪೋರ್ಟುಗಳೂ ಇರಲಿ. ಎರಡು ವಾರದಲ್ಲಿ ಎಷ್ಟು ದಿನ ಯಾವುದರಲ್ಲೂ ಆಸಕ್ತಿ ಇರಲಿಲ್ಲ, ಎಷ್ಟು ದಿನ ಬೇಜಾರಿನಲ್ಲೇ ಇದ್ದರು, ಇವೆರಡನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ. ಆದರೆ ಒಳಗೆ ಹೋಗಿ ಕೂತ ಮೇಲೆ ಮೊದಲ ಐದು ನಿಮಿಷ ನೀವು ಮಾತಾಡಬೇಡಿ. ಅಪ್ಪಯ್ಯ ಸುಮ್ನೆ ಕೂತರೂ ಕಾಯಿರಿ. ಅವರೇ ಶುರು ಮಾಡಲಿ.